ರಿಮೋಟಿಗೆ ಹೊಲಿದ ಕೋಟು

ಹೆಂಡತಿ ಕಾಲು ಮುರಿದುಕೊಂಡು ಮಂಚ ಹಿಡಿದಾಗ ದರ್ಜಿ ಮೊದಲು ಮಾಡಿದ ಕೆಲಸ ಮ್ಯೂಸಿಕ್ ಸಿಸ್ಟಂ ಕೊಂಡದ್ದು. ತಾನು ಮುಂದಿನ ಕೋಣೆಯ ಅಂಗಡಿಯಲ್ಲಿ ಹೊಲಿಯುತ್ತಿರುವಾಗ ಅವಳಿಗೆ ಬೇಜಾರಾಗಬಾರದು, ಮಲಗಿದಲ್ಲಿಂದಲೇ ರಿಮೋಟ್ ಒತ್ತಿ ಹಾಡು ಕೇಳಬೇಕು ಎಂಬುದು ಅವನ ಆಸೆ. ಎರಡನೆಯ ಕೆಲಸ, ರಿಮೋಟಿನ ಅಳತೆ ತೆಗೆದದ್ದು.

ಬೇರೆಯವರಾಗಿದ್ದರೆ ಪ್ಲಾಸ್ಟಿಕ್ ಕವರು ತೊಡಿಸಿ ಸುಮ್ಮನಾಗುತ್ತಿದ್ದರು. ಈ ಪುಣ್ಯಾತ್ಮ ಟೇಪು ಹಿಡಿದು ಭುಜ, ಸೊಂಟ ಎಲ್ಲ ಅಳೆದ. ದಪ್ಪ ಉಣ್ಣೆ ಬಟ್ಟೆ, ಒಳಗೆ ಅಸ್ತರು, ಗುಂಡಿಗೊಂದು ಕಾಜಾ, ಧೂಳು ಹೋಗದಂತೆ ತಲೆ ಮುಚ್ಚುವಷ್ಟು ಕಾಲರು. ಒಗೆಯುವ ದಿನಕ್ಕಿರಲಿ ಎಂದು ಇನ್ನೊಂದು ಕೋಟು. ಅವನ ಮೈಮೇಲಿನ ಅಂಗಿಯ ತೋಳು ಮಾತ್ರ ಹೊಲಿಗೆ ಬಿಟ್ಟು ಬಹಳ ಕಾಲವಾಗಿತ್ತು.

ಕೋಟು ತೊಟ್ಟ ರಿಮೋಟು ಕೆಲಸ ಮಾಡಲಿಲ್ಲ. ಸೆಲ್ ಬದಲಾಯಿಸಿದ. ನಡುವೆ ಅಡ್ಡವಿದ್ದ ಕುರ್ಚಿ ತೆಗೆದ. ಕೊನೆಗೆ ತನ್ನ ಕನ್ನಡಕವನ್ನೇ ಒರೆಸಿ ಸಿಸ್ಟಮ್ಮಿನ ಮುಂದಿಟ್ಟ.

ನೋಡಲು ಬಂದ ಮಗಳು ಹೇಳಿದಳು: "ಅಪ್ಪಾ, ಅದರ ಮೂತಿ ಮುಚ್ಚಿದ್ದೀಯಲ್ಲ. ಅಲ್ಲೊಂದು ತೂತು ಮಾಡು."

"ಹೊಲಿದು ಮುಗಿಸಿದ ಬಟ್ಟೆಗೆ ಕತ್ತರಿ ಹಾಕೋದಾ? ನನ್ನ ಕೈಲಾಗಲ್ಲ."

"ಹಾಗಾದ್ರೆ ಕೋಟು ಬಿಚ್ಚು."

"ಬರೀ ಮೈಯಲ್ಲಿ ಬಿಡೋದಾ?"

ಮಗಳು ಹಣೆ ಚಚ್ಚಿಕೊಂಡು ಹೋದಳು.

ಅಂದಿನಿಂದ ಅವನೇ ರಿಮೋಟಾದ. ಹೆಂಡತಿ "ರೀ" ಎಂದರೆ ಸಾಕು, ಕೈಯಲ್ಲಿದ್ದದ್ದು ಬಿಟ್ಟು ಓಡಿ ಬಂದು ಸೌಂಡು ಏರಿಸುವನು, ಇಳಿಸುವನು. ಬಂದವನು ಮಂಚದ ತುದಿಗೆ ಕೂತು ಗಿರಾಕಿಗಳನ್ನು ಆಡಿಕೊಳ್ಳುವನು. ಇಬ್ಬರೂ ನಗುವರು. ಅತ್ತ ಅಂಗಡಿಯಲ್ಲಿ ಅಳತೆ ಕೊಡಲು ಬಂದವರು ತೋಳು ಚಾಚಿಕೊಂಡೇ ನಿಂತಿರುತ್ತಿದ್ದರು. ಒಬ್ಬರ ಪ್ಯಾಂಟಿನ ಒಂದು ಕಾಲು ಮೊಣಕಾಲಿಗೇ ಮುಗಿಯಿತು. ಇನ್ನು ಮರ್ಯಾದೆ ಉಳಿಯುವುದಿಲ್ಲ ಎನಿಸಿ ಅವನು ಕಣ್ಣು ಮುಚ್ಚಿಕೊಂಡು ಕಾಲರಿಗೆ ಕತ್ತರಿ ಹಾಕಿದ. ಗುಂಡಿ ಒತ್ತಿದ. ಹಾಡು ಬಂತು.

"ನೋಡು, ಇನ್ನು ನಿನಗೆ ನನ್ನ ಹಂಗಿಲ್ಲ" ಎಂದು ರಿಮೋಟನ್ನು ಅವಳ ಕೈಗಿಟ್ಟು ಅಂಗಡಿಗೆ ಹೋದ.

ಬೆಳಿಗ್ಗೆಯೆಲ್ಲ ಒಳಗಿನಿಂದ ಒಂದು ಕರೆಯಿಲ್ಲ, ಒಂದು ಹಾಡೂ ಇಲ್ಲ. ಹೋಗಿ ನೋಡಿದರೆ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಮತ್ತೆ ಕೆಟ್ಟೋಯ್ತಾ?"

"ಕೆಟ್ಟಿಲ್ಲ, ಚೆನ್ನಾಗೇ ಇದೆ. ನೀವು ಬರಲ್ಲ, ಅಷ್ಟೆ."

ದರ್ಜಿ ಅಂಗಡಿಗೆ ಹೋಗಿ ಹೊಲಿಗೆ ಯಂತ್ರವನ್ನು ಎಳೆದು ತಂದು ಮಂಚಕ್ಕೆ ತಾಗಿಸಿ ನಿಲ್ಲಿಸಿದ. ಗಿರಾಕಿಗಳೂ ಹಿಂದೆಯೇ ಬಂದು, ಕಾಯಿಲೆಯವರನ್ನು ವಿಚಾರಿಸಿಕೊಂಡು, ಗೋಡೆಗುಂಟ ತೋಳು ಚಾಚಿ ನಿಂತರು. ಯಂತ್ರ ಗಡಗಡ ಎನ್ನತೊಡಗಿತು.

"ಈಗ ಹಾಡು ಹಾಕ್ಕೋ" ಎಂದ.

"ಈ ಗದ್ದಲದಲ್ಲಿ ಹಾಡೆಲ್ಲಿ ಕೇಳ್ಸತ್ತೆ, ನೀವು ಹೊಲೀರಿ" ಎಂದು ಅವಳು ರಿಮೋಟನ್ನು ಪಕ್ಕಕ್ಕಿಟ್ಟು ಅವನ ಕಡೆಗೆ ಹೊರಳಿದಳು.