ಕುಂಬಳಕಾಯಿ ಬಂಗಲೆಯ ಕೊಲೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ವರಲಕ್ಷ್ಮಮ್ಮ ಸೊಸೆಯಾಗಿ ಬಂದಾಗ ಇಂಗ್ಲಿಷ್ ಓದಬಲ್ಲ ಹೆಂಗಸು ಅಲ್ಲಿ ಇನ್ನೊಬ್ಬಳಿರಲಿಲ್ಲ. ಆ ವಿದ್ಯೆಯಿಂದ ಯಾರಿಗೂ ಏನೂ ಉಪಯೋಗವಾಗಿರಲಿಲ್ಲ. ಅದು ಯುದ್ಧದ ಕಾಲ. ಅವಳ ಅಣ್ಣ ರಾಮಾಂಜಿನಪ್ಪ ಯಲಹಂಕದ ಕಡೆ ಸೋಲ್ಜರುಗಳ ಕ್ಯಾಂಪಿನಲ್ಲಿ ಅಡುಗೆ ಕೆಲಸಕ್ಕಿದ್ದ. ಆ ಸೋಲ್ಜರುಗಳು ಓದಿ ಬಿಸಾಡಿದ್ದ ಒಂದು ಇಂಗ್ಲಿಷ್ ಪತ್ತೇದಾರಿ ಕಾದಂಬರಿಯನ್ನು ದಸರೆಗೆ ಬಂದಾಗ ತಂಗಿಗೆ ಕೊಟ್ಟುಹೋದ. ರಟ್ಟಿನ ಮೇಲೆ ಹಲ್ಲು ಕಿರಿಯುವ ಕುಂಬಳಕಾಯಿಯ ಚಿತ್ರವಿತ್ತು. ಅತ್ತೆ ಮುನಿತಾಯಮ್ಮ ಅದನ್ನು ನೋಡಿ, ದೃಷ್ಟಿ ತೆಗೆಯುವ ಪುಸ್ತಕವಿರಬೇಕು ಎಂದುಕೊಂಡು ಸುಮ್ಮನಾದಳು.

ಮಧ್ಯಾಹ್ನ ಬೀದಿಯ ಹೆಂಗಸರು ಜಗಲಿಯಲ್ಲಿ ರಾಟೆ ಹಿಡಿದು ನೂಲು ಸುತ್ತುವಾಗ ವರಲಕ್ಷ್ಮಮ್ಮ ಅಂದಂದು ಓದಿದಷ್ಟನ್ನು ಕನ್ನಡದಲ್ಲಿ ಹೇಳತೊಡಗಿದಳು. ಹ್ಯಾಲೋವೀನ್ ಎಂದರೆ ನಮ್ಮ ಪಿತೃಪಕ್ಷದ ಹಾಗೆ, ಸತ್ತವರು ಮನೆಗೆ ಬರುವ ದಿನ ಎಂದಳು. ಹಾಗಾದರೆ ಎಡೆ ಇಡುತ್ತಾರಾ ಎಂದು ಕೇಳಿದರು. ಇಲ್ಲ, ಕುಂಬಳಕಾಯಿಯ ತಿರುಳು ತೆಗೆದು, ಕಣ್ಣು ಮೂಗು ಕೊರೆದು, ಒಳಗೆ ದೀಪ ಹಚ್ಚಿಡುತ್ತಾರೆ ಎಂದಾಗ ಯಾರಿಗೂ ಸಮಾಧಾನವಾಗಲಿಲ್ಲ. ಪಕ್ಕದ ಮನೆಯ ಲಕ್ಕಮ್ಮನಂತೂ ಕತೆಯಲ್ಲಿ ಕೊಲೆ ನಡೆದ ಮೇಲೂ ಅದನ್ನೇ ಹಿಡಿದು ಕೂತಳು.

“ಸತ್ತೋನು ಸತ್ತ, ಬಿಡು. ಆ ತಿರುಳು ಏನಾಯ್ತು?”

ಸತ್ತವನು ಕೊಲೆ ನಡೆದ ಬಂಗಲೆಯ ಯಜಮಾನನ ದಾಯಾದಿ. ಆಸ್ತಿಯಲ್ಲಿ ಪಾಲು ಕೇಳಲು ಬಂದವನು ಹಬ್ಬದೂಟ ಮುಗಿಸಿ ಕುರ್ಚಿಯಲ್ಲೇ ಹೆಣವಾಗಿದ್ದ. ಗುಮಾನಿ ಇದ್ದದ್ದು ಊಟಕ್ಕೆ ಬಂದಿದ್ದ ಡಾಕ್ಟರ ಮೇಲೆ, ಇಲ್ಲವೇ ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತ ಕೂತ ಯಜಮಾನನ ಮುದಿ ತಾಯಿ, ಅಂದರೆ ಆ ಮನೆಯ ಅತ್ತೆಯ ಮೇಲೆ. ಬೀದಿ ಎರಡು ಪಕ್ಷವಾಯಿತು. ಸೊಸೆಯರೆಲ್ಲ ಒಟ್ಟಾಗಿ, ಕೊಂದವಳು ಆ ಅತ್ತೆಯೇ ಎಂದರು. ಪುರಾವೆ ಎಲ್ಲಿ ಎಂದರೆ, ಅತ್ತೆ ಅಂದಮೇಲೆ ಪುರಾವೆ ಬೇರೆ ಬೇಕಾ ಎಂದು ಕೇಳಿದರು. ಅತ್ತೆಯರು ಡಾಕ್ಟರನ್ನು ಹಿಡಿದರು. ಮಗ್ಗದ ಗುಂಡಿಯಲ್ಲಿದ್ದ ಗಂಡಸರೂ ಲಾಳಿ ನಿಲ್ಲಿಸಿ ಕಿವಿಗೊಡುತ್ತಿದ್ದರು. ಮುನಿತಾಯಮ್ಮ ಮಾತ್ರ ಹೊಸಿಲಿನಾಚೆ ಬೆನ್ನು ತಿರುಗಿಸಿ ಕೂತು ಹುರುಳಿ ಆರಿಸುತ್ತಿದ್ದಳು. ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಳು.

ಒಂದು ಬೆಳಿಗ್ಗೆ ವರಲಕ್ಷ್ಮಮ್ಮ ಕೊನೆಯ ಪುಟ ಓದಿದಳು. ಕೊಂದವಳು ಅತ್ತೆಯೇ. ಮದುವೆಯಾದಾಗಿನಿಂದ ಅತ್ತೆಯೆದುರು ದನಿ ಎತ್ತದವಳು ಈಗ ಇಡೀ ಬೀದಿಯ ಮುಂದೆ ಅತ್ತೆಯೊಬ್ಬಳನ್ನು ಗಲ್ಲಿಗೇರಿಸುವುದು ಹೇಗೆ? ಗಂಡ ನರಸಿಂಹಯ್ಯನನ್ನು ಕೇಳಿದರೆ, ಡಾಕ್ಟರ ತಲೆಗೇ ಕಟ್ಟಿಬಿಡು, ಅವನೇನು ರೈಲು ಹತ್ತಿ ಬಂದು ಜಗಳ ಮಾಡುತ್ತಾನಾ ಎಂದ.

ಆ ಮಧ್ಯಾಹ್ನ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವರಲಕ್ಷ್ಮಮ್ಮ ತಲೆ ತಗ್ಗಿಸಿ, ಡಾಕ್ಟರೇ ಔಷಧಿಯಲ್ಲಿ ವಿಷ ಕೊಟ್ಟ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಸೊಸೆಯರ ಮುಖ ಬಾಡಿತು. ಅತ್ತೆಯರು ಎಲೆಯಡಿಕೆ ತಟ್ಟೆ ಎಳೆದುಕೊಂಡರು. ಅಷ್ಟರಲ್ಲಿ ಒಳಗೆ ಮೊರ ನೆಲಕ್ಕೆ ಕುಕ್ಕಿದ ಸದ್ದಾಯಿತು. ಮುನಿತಾಯಮ್ಮ ಹೊಸಿಲು ದಾಟಿ ಬಂದಳು.

“ಡಾಕ್ಟರ್ ಅಲ್ಲ ಕಣೇ. ಅವನಿಗೆ ಆ ಮನೆ ಅಡುಗೆಮನೆ ಎಲ್ಲೈತೆ ಅಂತ್ಲೂ ಗೊತ್ತಿಲ್ಲ. ಲಕ್ಕಮ್ಮ ಕೇಳಿದ್ದೇ ಸರಿ. ಆ ತಿರುಳಲ್ಲಿ ಸಿಹಿ ಮಾಡಿ, ವಿಷ ಬೆರೆಸಿ ಬಡಿಸಿರೋಳು ಅತ್ತೆ. ಮಗನ ಆಸ್ತಿ ಉಳಿಸ್ಕೊಂಡವ್ಳೆ.”

ವರಲಕ್ಷ್ಮಮ್ಮ ತಬ್ಬಿಬ್ಬಾದಳು. ಪುಸ್ತಕದಲ್ಲೂ ಹಾಗೇ ಇದೆ, ನಿಮಗೆ ಬೇಜಾರಾದೀತು ಅಂತ ಬದಲಾಯಿಸಿದೆ ಎಂದು ಮೆಲ್ಲಗೆ ಒಪ್ಪಿಕೊಂಡಳು.

“ನಂಗ್ಯಾಕೆ ಬೇಜಾರು? ಆ ಮನೇಲಿ ಬುದ್ಧಿ ಇರೋಳು ಅವಳೊಬ್ಬಳೇ. ಅವಳು ಕಷ್ಟಪಟ್ಟು ಮಾಡಿದ್ದನ್ನ ತಗೊಂಡೋಗಿ ಆ ಡಾಕ್ಟರಿಗೆ ಕೊಡ್ತೀಯಲ್ಲ.”

ಅತ್ತೆಯರು ಅಲ್ಲೇ ಪಕ್ಷ ಬದಲಿಸಿದರು. ಅಂಥ ಕೊಲೆ ಡಾಕ್ಟರ ಕೈಲಿ ಆಗುವಂಥದ್ದಲ್ಲ ಎಂದು ಒಬ್ಬರಿಗೊಬ್ಬರು ಹೆಮ್ಮೆಯಿಂದ ಹೇಳಿಕೊಂಡರು. ಗೆದ್ದ ಸೊಸೆಯರಿಗೆ ಯಾಕೋ ಗೆದ್ದಂತೆಯೇ ಅನ್ನಿಸಲಿಲ್ಲ.

ಸಂಜೆ ಮುನಿತಾಯಮ್ಮ ಸೊಸೆಯನ್ನು ಮೊದಲ ಸಲ ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಂಡಳು. ಆ ಮುದುಕಿ ಎಲ್ಲೆಲ್ಲಿ ಎಡವಿದಳು, ಸಿಹಿ ಬಡಿಸಿದ ಬಟ್ಟಲನ್ನು ಆಗಲೇ ತೊಳೆದಿಟ್ಟಿದ್ದರೆ ಹೇಗೆ ಯಾರ ಕೈಗೂ ಸಿಗುತ್ತಿರಲಿಲ್ಲ ಎಂದು ಬಿಡಿಸಿ ಹೇಳಿದಳು. ವರಲಕ್ಷ್ಮಮ್ಮ ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡಳು. ಎದುರಿಗೆ ಕೂತಿದ್ದ ನರಸಿಂಹಯ್ಯ ಇನ್ನೊಂದು ಮುದ್ದೆ ಬೇಡವೆಂದು ಕೈ ತೊಳೆಯಲು ಎದ್ದ.