ಆಮ್‌ಸ್ಟರ್‌ಡ್ಯಾಮಿಗೆ ಹೂ ಕೇಳಿದ್ದು

ನಮ್ಮ ಮನೆಯಲ್ಲಿ ಯಾವ ಮಾತೂ ಮಾರಮ್ಮನ ಗುಡಿಗೆ ಹೋಗಿ ಬಾರದೆ ಇತ್ಯರ್ಥವಾಗುವುದಿಲ್ಲ. ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಹಸು ಮಾರಬೇಕೋ ಬೇಡವೋ, ನನ್ನ ಗಂಡ ಹರ್ಷವರ್ಧನ ಕರೆಂಟಾಫೀಸಿನ ವರ್ಗಾವಣೆ ಒಪ್ಪಿಕೊಳ್ಳಬೇಕೋ ಬೇಡವೋ, ಎಲ್ಲಕ್ಕೂ ಹೂ ಕೇಳಬೇಕು. ಪೂಜಾರಿ ಶಿವಯ್ಯ ಅಮ್ಮನ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿ, ನಮ್ಮ ಅಹವಾಲನ್ನು ಅವಳ ಮುಂದೆ ಇಡುತ್ತಾನೆ. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಇದು ನನ್ನ ಅತ್ತೆ ದೊಡ್ಡತಾಯಮ್ಮನ ಕಾನೂನು. ಆತಗೂರಿನ ನಮ್ಮ ಬೀದಿಯಲ್ಲಿ ಅದನ್ನು ಮೀರಿದವರಿಲ್ಲ. ನಾನು ಮದ್ದೂರಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು, ನನಗೆ ಇದೆಲ್ಲ ಸರಿಬರುವುದಿಲ್ಲ. ಆದರೂ ಮದುವೆಯಾದಾಗಿನಿಂದ ಬಾಯಿ ಮುಚ್ಚಿಕೊಂಡು ಕೈ ಮುಗಿಯುತ್ತಾ ಬಂದಿದ್ದೇನೆ. ರಮ್ಯಶ್ರೀ ಮೇಡಂ ಬಾಯಿ ಮುಚ್ಚಿಕೊಂಡಿದ್ದರು ಎಂದರೆ ನನ್ನ ಸ್ಕೂಲಿನಲ್ಲಿ ಯಾರೂ ನಂಬುವುದಿಲ್ಲ, ಆ ಮಾತು ಬೇರೆ.

ಆದರೆ ಯೂರೋಪಿನ ಊರಿಗೂ ಹೂ ಕೇಳುತ್ತಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಇದಕ್ಕೆಲ್ಲ ಮೂಲ ಹೊನ್ನಯ್ಯ. ನನ್ನ ಗಂಡನ ಅಕ್ಕನನ್ನು ಕೊಟ್ಟಿರುವುದು ಅವರಿಗೆ. ಮದ್ದೂರಿನಲ್ಲಿ ಮನೆ ಕಟ್ಟಿಸುವ ಕಂಟ್ರಾಕ್ಟರು. ಅವರ ಪಕ್ಕದ ಮನೆಯವರು ಐಫೆಲ್ ಟವರಿನ ಮುಂದೆ ನಿಂತ ಫೋಟೋವನ್ನು ಗೋಡೆಯಷ್ಟು ದೊಡ್ಡದು ಮಾಡಿಸಿ ಹಾಲಿನಲ್ಲಿ ತೂಗುಹಾಕಿದ್ದರಂತೆ. ಅದನ್ನು ನೋಡಿ ಬಂದ ಮೇಲೆ ಹೊನ್ನಯ್ಯನಿಗೆ ನಿದ್ದೆ ಹತ್ತಲಿಲ್ಲ. ಮಾರನೆಯ ದಿನವೇ ನಮ್ಮ ಮನೆಗೆ ಬಂದು, "ಈ ಸಲ ಬೇಸ್ಗೆ ರಜಕ್ಕೆ ಊಟಿ ಗೀಟಿ ಬ್ಯಾಡ ಕಣ್ಲಾ ಅರ್ಸ. ಎಲ್ರೂ ಸೇರ್ಕಂಡು ಯೂರೋಪ್‌ಗೇ ಓಗ್ಬುಡನ" ಎಂದರು.

ಮಂಡ್ಯದ ಟೂರಿನವನು ನಮ್ಮ ರಜ ನೋಡಿ, ಮೂರು ಊರು ಆರಿಸಿಕೊಳ್ಳಿ ಸಾರ್, ಅದಕ್ಕಿಂತ ಜಾಸ್ತಿ ಸೇರಿಸಿದರೆ ಬಸ್ಸಿನ ಕಿಟಕಿಯನ್ನೇ ನೋಡಿಕೊಂಡು ಬರಬೇಕಾಗುತ್ತದೆ ಎಂದ. ಒಳ್ಳೆಯ ಮಾತೇ. ಪ್ಯಾರಿಸ್ಸಿಗೆ ಯಾರ ತಕರಾರೂ ಇರಲಿಲ್ಲ, ಆ ಗೋಡೆಯ ಫೋಟೋಕ್ಕೆ ಉತ್ತರ ಕೊಡಬೇಕಿತ್ತಲ್ಲ. ಎರಡನೆಯದು ಸ್ವಿಟ್ಜರ್ಲೆಂಡಿನ ಲೂಸರ್ನ್, ಯಾಕೆಂದರೆ ಅತ್ತೆಗೆ ಮಂಜನ್ನು ಕೈಯಲ್ಲಿ ಮುಟ್ಟಿ ನೋಡಬೇಕಂತೆ. ಮೂರನೆಯದು ರೋಮ್ ಎಂದು ಹೊನ್ನಯ್ಯ ಬರೆಸಲು ಹೊರಟಾಗ ನಾನು ಆಮ್‌ಸ್ಟರ್‌ಡ್ಯಾಮ್ ಎಂದೆ. ನಮ್ಮಪ್ಪನೂ ಬರುತ್ತಾರೆ ಎಂದೆ.

ಅಪ್ಪನ ವಿಷಯ ಹೇಳಬೇಕು. ನಮ್ಮಪ್ಪ ಕರಿಸಿದ್ದಯ್ಯ ಮಳವಳ್ಳಿ ಕಡೆ ನಾಲೆಯಲ್ಲಿ ನೀರುಗಂಟಿಯಾಗಿದ್ದವರು. ತೂಬು ಎತ್ತಿ ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕೋ ಬಿಡುವುದು, ಸರದಿ ಮುಗಿದ ಮೇಲೆ ಇಳಿಸುವುದು ಅವರ ಕೆಲಸ. ನಾಲೆಯ ಕೊನೆಭಾಗ, ನೀರು ಬಂದು ತಲುಪುವುದೇ ಕಷ್ಟ. ಬೇಸಗೆ ಬಂತೆಂದರೆ ಊರಿಗೆಲ್ಲ ರಜ, ನಮ್ಮಪ್ಪನಿಗೆ ಬೈಗುಳ. ನೀರು ಮೇಲಿನವರು ಬಿಡದಿದ್ದರೂ ಬೈಸಿಕೊಳ್ಳುವವರು ಇವರೇ. ನಾನು ಚಿಕ್ಕವಳಾಗಿದ್ದಾಗ ಒಂದು ಬೇಸಗೆಯಲ್ಲೂ ಅಪ್ಪ ನಮ್ಮನ್ನು ಎಲ್ಲಿಗೂ ಕರೆದುಕೊಂಡು ಹೋಗಿದ್ದಿಲ್ಲ.

ರಿಟೈರಾಗಿ ನನ್ನ ತಮ್ಮನ ಮನೆಯಲ್ಲಿ ಆರಾಮವಾಗಿದ್ದವರಿಗೆ ಒಂದು ಭಾನುವಾರ ನನ್ನ ಫೋನಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ನೀರಿನ ಬಾಗಿಲುಗಳನ್ನು ತೋರಿಸಿದೆ. ದೋಣಿ ಬಂದು ನಿಲ್ಲುತ್ತದೆ, ಹಿಂದಿನ ಬಾಗಿಲು ಮುಚ್ಚಿಕೊಳ್ಳುತ್ತದೆ, ಆ ಕಡೆಯ ನೀರೂ ಈ ಕಡೆಯ ನೀರೂ ಸಮವಾಗುತ್ತದೆ, ಮುಂದಿನ ಬಾಗಿಲು ತೆರೆಯುತ್ತದೆ. ಅಪ್ಪ ಮುದ್ದೆ ಮುರಿಯುವುದನ್ನು ಬಿಟ್ಟು ಕೂತರು.

"ಇನ್ನೊಂದ್ಸಲ ಆಕು" ಎಂದರು. ಹಾಕಿದೆ. ಸಾರು ತಣ್ಣಗಾಯಿತು.

"ಸಮುದ್ರ ಮ್ಯಾಲೈತೆ, ಊರು ತಗ್ನಲ್ಲೈತೆ. ಆದ್ರೂ ಜನ ಅಲ್ಲಿ ನಿದ್ದೆ ಮಾಡ್ತಾವ್ರೆ. ಅದೆಂಗ್ ತಡ್ದವ್ರೆ ಅಂತ ಒಂದ್ಸಲ ಕಣ್ಣಾರ ನೋಡ್ಬೇಕು ಕಣವ್ವ."

ಇದು ಬೇಕು ಎಂದು ಬಾಯಿಬಿಟ್ಟು ಕೇಳುವ ಮನುಷ್ಯನೇ ಅಲ್ಲ ಅವರು. ನನ್ನ ಬಳಿ ಅವರು ಕೇಳಿದ್ದು ಅದೊಂದೇ. ಮೊಣಕಾಲು ಈ ವರ್ಷ ಹೇಗೋ ನಡೆಸುತ್ತಿದೆ, ಮುಂದಿನ ವರ್ಷವೂ ನಡೆಸುತ್ತದೆಂದು ಡಾಕ್ಟರು ಹೇಳಿಲ್ಲ. ಹೋಗುವುದಾದರೆ ಈ ಬೇಸಗೆಯಲ್ಲೇ ಹೋಗಬೇಕು.

ಹೊನ್ನಯ್ಯ ಮಾತ್ರ ಆಮ್‌ಸ್ಟರ್‌ಡ್ಯಾಮ್ ಎಂದ ಕೂಡಲೇ ಮುಖ ಸಿಂಡರಿಸಿದರು. "ಆ ಊರ್ ಬ್ಯಾಡ ಕಣಮ್ಮ. ಸಂಸಾರಸ್ತರು ಓಗೋ ಊರಲ್ಲ ಅದು."

"ಯಾಕಣ್ಣ, ಅಲ್ಲಿರೋರೆಲ್ಲ ಸನ್ಯಾಸಿಗಳಾ?" ಎಂದು ಕೇಳಿದೆ.

ಅವರು ಫೋನಿನಲ್ಲಿ ಏನು ನೋಡಿದ್ದರು ಎಂದು ನನಗೆ ಗೊತ್ತಿತ್ತು. ಆ ಊರಿನಲ್ಲಿ ಕೆಂಪು ದೀಪದ ಒಂದು ಬೀದಿ ಇದೆ, ಹೋಗಿ ಬಂದವರೆಲ್ಲ ಅದೊಂದನ್ನೇ ಹೇಳುತ್ತಾರೆ. ಪಕ್ಕದಲ್ಲೇ ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಏನೈತೆ ಅಲ್ಲಿ, ಏಳಿ ಅಳಿಯಂದ್ರೆ" ಎಂದರು. ಹೊನ್ನಯ್ಯನ ಕಿವಿ ಕೆಂಪಾಯಿತು. "ಏನಿಲ್ಲ ಅತ್ತೆ, ಚಳಿ ಜಾಸ್ತಿ" ಎಂದರು. ಮಂಜಿನ ಬೆಟ್ಟ ಹತ್ತಲು ಚಳಿಯಿಲ್ಲ, ಇದಕ್ಕೆ ಮಾತ್ರ ಚಳಿ. ನನಗೆ ನಗು ಬಂತು.

ಆ ನಗುವೇ ಕೆಲಸ ಕೆಡಿಸಿತು. ಹೊನ್ನಯ್ಯನಿಗೆ ರೇಗಿತು. "ಅಲ್ಲ ಕಣಮ್ಮ, ಬೀಗ್ರನ್ನೆಲ್ಲ ಕಟ್ಕಂಡು ಟೂರ್ ಓದೋರ್ನ ಎಲ್ಲಾರ ಕಂಡಿದ್ದೀಯಾ? ಕಾಲ್ ಬ್ಯಾರೆ ನೋವು ಅಂತಾರೆ. ಆ ತೂಬ್ ನೋಡಾಕೆ ಅಷ್ಟ್ ದೂರ ಯಾಕ್ ಓಗ್ಬೇಕು, ಅವ್ರ ಮನೆ ಮುಂದೇನೇ ಐತಲ್ಲ."

ನನ್ನ ಮೈ ಉರಿದುಹೋಯಿತು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಅವರೆಕಾಯಿ ಮೊರ ಪಕ್ಕಕ್ಕಿಟ್ಟು, "ಜಗ್ಳ ಬ್ಯಾಡ. ಸುಕ್ರವಾರ ಊ ಕೇಳನ" ಎಂದುಬಿಟ್ಟರು. ಬಲಕ್ಕೆ ಬಿದ್ದರೆ ಆಮ್‌ಸ್ಟರ್‌ಡ್ಯಾಮ್, ಅಪ್ಪನೂ ಬರುತ್ತಾರೆ. ಎಡಕ್ಕೆ ಬಿದ್ದರೆ ರೋಮ್, ಅಪ್ಪ ಮನೆಯಲ್ಲಿ. ಅಲ್ಲಿಗೆ ಮುಗಿಯಿತು.

ಶುಕ್ರವಾರ ಸ್ಕೂಲು ಮುಗಿಸಿ ಬಸ್ಸಿಳಿದು ನೇರ ಗುಡಿಗೆ ಹೋದೆ. ಎಲ್ಲರೂ ಬಂದಿದ್ದರು. ಶಿವಯ್ಯ ಹೂವನ್ನು ನೀರಿಗದ್ದಿ ಅಮ್ಮನ ಭುಜಕ್ಕೆ ಅಂಟಿಸಿ, "ಯಾವ್ ದಿಕ್ಗವ್ವಾ ಊರಿರಾದು?" ಎಂದು ಕೇಳಿದ. ಪ್ರಯಾಣಕ್ಕೆ ಹೂ ಕೇಳುವಾಗ ದಿಕ್ಕು ಹೇಳಬೇಕು, ಇಲ್ಲದಿದ್ದರೆ ಅಮ್ಮ ಎಲ್ಲಿ ಅಂತ ಕಾಯುತ್ತಾಳೆ. ನಾನು ವಾಯುವ್ಯಕ್ಕೆ ಕೈ ತೋರಿಸಿದೆ. ಶಿವಯ್ಯ ಆ ಕಡೆಗೊಮ್ಮೆ ಕೈ ಮುಗಿದು, "ತಾಯಿ, ಸಮುದ್ರದಿಂದಾಚಿಗಿನ ಊರಂತೆ. ನಿನ್ ಮಕ್ಳು ಓಗಿ ನೋಡ್ಕಂಡ್ ಬತ್ತಾವಂತೆ. ಓಗ್ಬೋದು ಅಂದ್ರೆ ಬಲಗಡೆ ಕೊಡವ್ವ" ಎಂದ.

ಈ ಹೂವಿನ ಮೇಲೆ ನನಗೆ ನಂಬಿಕೆಯಿಲ್ಲ ಎಂದೆನಲ್ಲ. ಆದರೆ ಆವತ್ತು ಉಸಿರು ಬಿಗಿಹಿಡಿದು ಬಲಗಡೆಯ ಹೂವನ್ನೇ ನೋಡುತ್ತಿದ್ದೆ. ಬೀಳೇ ತಾಯಿ, ಬೀಳೇ ಎಂದು ಒಳಗೊಳಗೇ ಗೋಗರೆದೆ.

ಎಡಗಡೆಯ ಹೂ ಬಿತ್ತು.

ಹೊನ್ನಯ್ಯ ಗಲ್ಲ ಗಲ್ಲ ಬಡಿದುಕೊಂಡರು. "ಅಮ್ಮನೇ ಏಳ್ಬುಟ್ಲಲ್ಲ, ಇನ್ನೇನೈತೆ. ರೋಮ್ ಅಂತ ಬರ್ಸ್‌ಬುಡ್ತೀನಿ" ಎಂದು ಫೋನು ತೆಗೆದರು. ಹರ್ಷ ತಲೆಯ ಮೇಲಿನ ಗಂಟೆಯನ್ನೇ ನೋಡುತ್ತಾ ನಿಂತಿದ್ದ, ಅದನ್ನು ಹೊಸದಾಗಿ ತಂದು ಕಟ್ಟಿದ್ದಾರೋ ಎನ್ನುವಂತೆ. ಗಂಡನ ಮೇಲೂ ಸಿಟ್ಟು ಬಂತು, ಅಮ್ಮನ ಮೇಲೂ ಬಂತು. ಸಿಟ್ಟು ಬಂದರೆ ನನ್ನ ಬಾಯಿಗೆ ಮಳವಳ್ಳಿ ಬರುತ್ತದೆ.

"ನೀವೆಲ್ಲ ರೋಮ್‌ಗೆ ಓಗಿ" ಎಂದೆ. "ನಾನು ನಮ್ಮಪ್ಪನ್ನ ಕರ್ಕಂಡು ಬ್ಯಾರೆ ಓಯ್ತೀನಿ. ಹೂ ಎಡಕ್ಕಾರ ಬೀಳ್ಲಿ, ಬಲಕ್ಕಾರ ಬೀಳ್ಲಿ. ಅಮ್ಮಂಗೆ ಕ್ವಾಪ ಬಂದ್ರೆ ನನ್ ಮ್ಯಾಲೆ ತೀರುಸ್ಕಳ್ಲಿ."

ಗುಡಿಯೊಳಗೆ ಯಾರೂ ಆಡದ ಮಾತು ಅದು. ಶಿವಯ್ಯನ ಕೈಯಲ್ಲಿದ್ದ ಮಂಗಳಾರತಿ ತಟ್ಟೆ ಅಲ್ಲೇ ನಿಂತಿತು. ಹೊನ್ನಯ್ಯ ಫೋನು ಕೆಳಗಿಳಿಸಿ, "ನೋಡ್ದ್ರಾ ಅತ್ತೆ, ನಿಮ್ ಸೊಸೆ ಮಾತ" ಎಂದರು. ನಾನು ಅತ್ತೆಯ ಮುಖ ನೋಡಲಿಲ್ಲ. ಈಗ ಬೈಗುಳ ಬರುತ್ತದೆ, ಬರಲಿ, ಇವತ್ತು ಒಂದಕ್ಕೆರಡು ಆಡಿಯೇ ಬಿಡುತ್ತೇನೆ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ.

ಅತ್ತೆ ಬಗ್ಗಿ, ಬಿದ್ದಿದ್ದ ಹೂ ಎತ್ತಿಕೊಂಡು ಕಣ್ಣಿಗೊತ್ತಿಕೊಂಡರು. ಅದನ್ನು ತಮ್ಮ ತುರುಬಿಗೆ ಸಿಕ್ಕಿಸಿಕೊಂಡು, ನಿಧಾನವಾಗಿ ಮಾತು ತೆಗೆದರು.

"ಅಳಿಯಂದ್ರೆ, ಈ ಉಡ್ಗೀನ ಮಳವಳ್ಳೀಗೋಗಿ ನೋಡ್ಕಂಡ್ ಬಂದ ದಿನ, ನಾನೊಬ್ಳೇ ಇಲ್ಗೆ ಬಂದು ಊ ಕೇಳ್ದೆ. ಎಡಕ್ಕೆ ಬಿತ್ತು. ಇನ್ನೊಂದ್ಸಲ ಕೇಳ್ದೆ. ಆಗ್ಲೂ ಎಡಕ್ಕೇ ಬಿತ್ತು. ಈ ಸಿವಯ್ಯ ಇಲ್ಲೇ ಅವ್ನೆ, ಕೇಳಿ."

ಶಿವಯ್ಯ ನೆಲ ನೋಡುತ್ತಾ, "ಊಂ ಕಣವ್ವ" ಎಂದ.

"ಮನೇಗೋಗಿ ಬಲಕ್ಕೆ ಬಿತ್ತು ಅಂದೆ. ಇವ್ನ್ ಬಾಯಿಗೂ ಬೀಗ ಆಕ್ದೆ."

"ಯಾಕವ್ವ ಅಂಗ್ ಮಾಡ್ದೆ?" ಹರ್ಷನ ಕಣ್ಣು ಗಂಟೆಯಿಂದ ಕೆಳಗಿಳಿದು, ಈಗ ಬಾಯಿಂದ ಮಾತು ಹೊರಟಿತು.

"ಉಡ್ಗಿ ನಂಗಿಡುಸ್ತು. ನೋಡಾಕ್ ಓದಾಗ ಎಲ್ರ ಮುಂದೂ, ನನ್ ಕೆಲ್ಸ ನಾನ್ ಬುಡಾಕಿಲ್ಲ ಅಂದ್ಳಲ್ಲ, ಅದು ಇಡುಸ್ತು. ಅಮ್ಮನ್ ತಾವ ತಪ್ಪಾಯ್ತು ಅಂತ ಒಂದು ಕೋಳಿ ಕುಯ್ದು ಕೈ ಮುಗ್ದೆ. ಅಮ್ಮ ಬ್ಯಾಡ ಅಂದ್ರೂ ಬಂದವ್ಳು ಇವ್ಳು. ಅವತ್ನಿಂದ ನಮ್ಮನೆ ಯಾವ್ದುಕ್ ಕಮ್ಮಿಯಾಗೈತೆ ಏಳಿ."

ಹೊನ್ನಯ್ಯ ಫೋನನ್ನು ಜೇಬಿಗೆ ಇಳಿಸಿದರು. ಅತ್ತೆ ಮಾತು ಮುಂದುವರಿಸಿದರು.

"ಎಡಕ್ಕೆ ಕೊಟ್ರೆ ಓಗ್ಬ್ಯಾಡ ಅಂತಲ್ಲ ಅಳಿಯಂದ್ರೆ. ಉಸಾರಾಗ್ ಓಗಿ ಅಂತ. ಮೊದ್ಲು ಆ ನೀರಿನ ಊರ್‌ಗೇ ಓಗನ, ಪ್ಯಾರಿಸ್ಸು ಆಮೇಲೆ. ಬೀಗ್ರು ನನ್ ಪಕ್ಕದಲ್ಲೇ ಕುಂತ್ಕಳ್ಲಿ, ಇಮಾನ ಏರಾಕೆ ನಂಗೂ ದಿಗಿಲು."

ನನಗೆ ಅಳು ಬಂತು. ಅತ್ತೆಯನ್ನು ತಬ್ಬಿಕೊಳ್ಳುವ ಅಭ್ಯಾಸ ನಮ್ಮಲ್ಲಿಲ್ಲ, ಆದರೂ ತಬ್ಬಿಕೊಂಡೆ. ಇಷ್ಟು ವರ್ಷ ಈ ಮನೆಗೆ ನನ್ನನ್ನು ತಂದದ್ದು ಮಾರಮ್ಮ ಎಂದುಕೊಂಡಿದ್ದೆ. ಮಾರಮ್ಮನ ಮಾತನ್ನೇ ತಳ್ಳಿಹಾಕಿ ಈ ಹೆಂಗಸು ನನ್ನನ್ನು ಆರಿಸಿಕೊಂಡಿದ್ದಳು. "ಬುಡವ್ವ, ಊ ಬಾಡೋಯ್ತದೆ" ಎಂದು ಅತ್ತೆ ನನ್ನನ್ನು ಆಚೆ ನೂಕಿದರು.

ಗುಡಿಯ ಜಗಲಿಯಿಂದಲೇ ಅಪ್ಪನಿಗೆ ಫೋನು ಹಚ್ಚಿದೆ. ಹೋಗುವುದು ಗಟ್ಟಿಯಾಯಿತು ಎಂದೆ. ಅಪ್ಪ, "ಪಂಚೆ ಉಟ್ಕಂಡ್ ಬರ್ಬೋದಾ?" ಎಂದು ಕೇಳಿದರು. ಉಟ್ಟುಕೊಂಡೇ ಬನ್ನಿ ಎಂದೆ.

ಮೇ ತಿಂಗಳಿನಲ್ಲಿ ಹೋದೆವು. ನಮ್ಮಲ್ಲಿ ಕಾಲಿಟ್ಟರೆ ಸುಡುವ ಬಿಸಿಲು, ಅಲ್ಲಿ ಕಿವಿ ಕಿತ್ತು ಹೋಗುವ ಗಾಳಿ. ಚಳಿ ಎಂದಿದ್ದ ಹೊನ್ನಯ್ಯನ ಮಾತು ಅದೊಂದು ವಿಷಯದಲ್ಲಿ ನಿಜವಾಯಿತು. ಪಂಚೆಯ ಒಳಗೆ ಪ್ಯಾಂಟು, ಮೇಲೆ ಸ್ವೆಟರು, ತಲೆಗೆ ಮಂಕಿ ಕ್ಯಾಪು ಹಾಕಿಕೊಂಡು ಅಪ್ಪ ಊರಿನ ಅಂಚಿನಲ್ಲಿರುವ ದೊಡ್ಡ ನೀರಿನ ಬಾಗಿಲಿನ ಬಳಿ ಕಂಬಿ ಹಿಡಿದು ನಿಂತರು. ದೋಣಿಗಳು ಬಂದವು, ಬಾಗಿಲು ಮುಚ್ಚಿತು, ನೀರು ಸಮವಾಯಿತು, ಬಾಗಿಲು ತೆರೆಯಿತು. ಎತ್ತರದ ಗಾಜಿನ ಕೋಣೆಯಲ್ಲಿ ಒಬ್ಬ ಕೂತು ಎಲ್ಲವನ್ನೂ ನಡೆಸುತ್ತಿದ್ದ. ಅಪ್ಪ ಅವನಿಗೆ ಕೈ ಎತ್ತಿದರು. ಅವನೂ ಎತ್ತಿದ.

"ನೋಡವ್ವ, ಒಬ್ನೇ ಕುಂತ್ಕಂಡು ಒಂದ್ ಸಮುದ್ರನೇ ಇಡ್ಕಂಡವ್ನೆ" ಎಂದರು ಅಪ್ಪ. ಮುಖವೆಲ್ಲ ನಗು. "ಅವ್ನು ನಮ್ಮೋನೇ ಕಣವ್ವ."

ಗೈಡ್ ಹುಡುಗಿ ಚಿಕ್ಕ ಬಾವುಟ ಆಡಿಸುತ್ತಾ ಬಂದಳು. ಹೊತ್ತಾಯಿತು, ಚೀಸ್ ಅಂಗಡಿಗೆ ಹೋಗಬೇಕು, ಎಲ್ಲರೂ ಬಸ್ಸು ಹತ್ತಿ ಎಂದಳು. ಅಪ್ಪನಿಗೆ ಅದು ಕೇಳಿಸಲೇ ಇಲ್ಲ. ದೂರದಲ್ಲಿ ಇನ್ನೊಂದು ದೋಣಿ ಬರುತ್ತಿತ್ತು, ಅದರ ಮೇಲೆಯೇ ಅವರ ಕಣ್ಣು. ನಾನು ಹುಡುಗಿಗೆ ಏನಾದರೂ ಹೇಳಬೇಕೆಂದು ತಿರುಗುವಷ್ಟರಲ್ಲಿ ಹೊನ್ನಯ್ಯ ಅವಳ ಮುಂದೆ ಹೋಗಿ ನಿಂತಿದ್ದರು. ಮೂಗು ಒರೆಸಿಕೊಳ್ಳುತ್ತಾ, ಅವಳಿಗೆ ಒಂದಕ್ಷರವೂ ಅರ್ಥವಾಗದ ನಮ್ಮ ಮದ್ದೂರಿನ ಮಾತಿನಲ್ಲೇ, "ಇವ್ರು ನೀರ್‌ಗಂಟಿ ಕಣಮ್ಮ. ನೋಡ್ಕಳ್ಲಿ ಬುಡು. ಬಸ್ಸು ಕಾಯ್ತದೆ" ಎಂದರು.