ಮೂರು ದಾರಿಗೆ ಬಿಟ್ಟ ಕಾಗದ

ಗೋವಾದ ಡಿಚೋಲಿಯಲ್ಲಿ ಗಣಿ ಲಾರಿಗಳ ಕೆಂಪು ಧೂಳು ಕೂರದ ಬಾಗಿಲಿಲ್ಲ. ಮುರುಗೆವ್ವನ ರೊಟ್ಟಿ ಅಂಗಡಿಯ ಬಾಗಿಲಲ್ಲಿ ಮಾತ್ರ ಒಂದು ಕಾಗದದಷ್ಟು ಜಾಗ ಬೆಳ್ಳಗಿತ್ತು. ನಾಲ್ಕು ದಿನವಾದರೂ ಆ ಚೌಕ ಕಣ್ಣಿಗೆ ಬೀಳುತ್ತಲೇ ಇತ್ತು.

ಅವಳು ಸಂತೆಗೆ ಹೋದಾಗ ಯಾರೋ ಅಲ್ಲಿ ಕಾಗದ ಅಂಟಿಸಿದ್ದರು. ಓದಲು ಬಾರದ ಅಕ್ಷರ, ಕೆಳಗೆ ಕೆಂಪು ಮುದ್ರೆ. ಗಣಿಯಲ್ಲಿ ದುಡಿಯುವ ಗಂಡ ಸಂಗಪ್ಪ, "ಯಾರೋ ಮಾಟ ಮಾಡಿಸ್ಯಾರ" ಎಂದವನೇ ಅದನ್ನು ಕಿತ್ತು, ಮೂರು ದಾರಿ ಕೂಡುವಲ್ಲಿಟ್ಟು, ಮೇಲೆ ಕಲ್ಲು, ಕುಂಕುಮದ ನಿಂಬೆಹಣ್ಣು ಹೇರಿ, ತಿರುಗಿ ನೋಡದೆ ಬಂದಿದ್ದ.

ಇಂದು ಬೆಳಿಗ್ಗೆ ಪಕ್ಕದ ಜಾಗದ ಮಾಲಿಕ ಬಂದು, ಅಂಗಡಿ ತನ್ನ ಜಾಗದಲ್ಲಿ ಪರವಾನಗಿಯಿಲ್ಲದೆ ನಡೆದಿದೆಯೆಂದು ದಾವೆ ಹಾಕಿದ್ದೇನೆ, ಅದನ್ನು ತೆರೆಯಬಾರದೆಂದು ಕೋರ್ಟಿನ ಆದೇಶವಿದೆ, ಬಾಗಿಲಿಗೆ ಅಂಟಿಸಿದ್ದು ಅದೇ ಕಾಗದ ಎಂದ. ಮುರುಗೆವ್ವ ಒಲೆ ಆರಿಸಿದಳು. ತಾನಿಲ್ಲಿ ರೊಟ್ಟಿ ಬಡಿಯುತ್ತಿದ್ದಾಗ, ತಾನು ಕಾಣದ ಕೋಣೆಯಲ್ಲಿ ತನ್ನ ಹೆಸರು ಓದಿ ತೀರ್ಮಾನವೂ ಆಗಿತ್ತು.

ಉಚಿತ ಕಾನೂನು ನೆರವಿನ ಕಾರ್ಯಕರ್ತೆ ಅಂಬಿಕಾಳ ಬಳಿ ಇಬ್ಬರೂ ಓಡಿದರು.

"ನಾವಿಲ್ಲದ ಹೊತ್ತಿನ್ಯಾಗ ನ್ಯಾಯ ಹ್ಯಾಂಗ ಆಗ್ತೈತ್ರಿ?" ಎಂದಳು ಮುರುಗೆವ್ವ.

"ತುರ್ತು ಇದ್ರ ಒಬ್ಬರ ಮಾತಷ್ಟ ಕೇಳಿ ತಡೆ ಕೊಡ್ತಾರ. ಅದು ತಾತ್ಕಾಲಿಕ. ನಿಮ್ಮ ಮಾತು ಕೇಳಾಕ ತಾರೀಖು ಇಟ್ಟಿರ್ತಾರ. ಕಾಗದ ಎಲ್ಲೈತಿ?"

ಸಂಗಪ್ಪ ನೆಲ ನೋಡಿದ. "ಮೂರು ದಾರಿಗೆ ಬಿಟ್ಟೇನ್ರಿ."

"ಜಡ್ಜ್ ಸಾಹೇಬರ ಸಹಿಗೆ ನಿಂಬಿಹಣ್ಣು ಇಟ್ಟಿಯೇನಪಾ?"

"ನಗಬ್ಯಾಡ್ರಿ. ಅದರಾಗ ಏನೋ ಐತಿ."

"ಐತಿ. ತಾರೀಖು ಐತಿ. ಆ ದಿನ ಹೋಗಲಿಲ್ಲಂದ್ರ ಅವರ ಮಾತ ಗಟ್ಟಿ ಆಗ್ತೈತಿ."

ಸುಡು ಮಧ್ಯಾಹ್ನದಲ್ಲೇ ಮೂವರೂ ಅಲ್ಲಿಗೆ ಹೋದರು. ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಾಗದ ಇಟ್ಟಂತೆಯೇ ಇತ್ತು. ನಿಂಬೆ ಒಣಗಿ ಕಪ್ಪಾಗಿತ್ತು. ನಾಲ್ಕು ದಿನ ನೂರಾರು ಲಾರಿ ಓಡಿದ್ದರೂ ಒಂದು ಚಕ್ರವೂ ಅದನ್ನು ಮುಟ್ಟಿರಲಿಲ್ಲ. ಹೆದರಿ ಎಲ್ಲರೂ ಬಳಸಿ ಹೋಗಿದ್ದರು. ಸಂಗಪ್ಪ ದೂರ ನಿಂತ. ಮುರುಗೆವ್ವ ಬಗ್ಗಿ ಕಲ್ಲು ಸರಿಸಿದಳು.

ಅಂಬಿಕಾ ಓದಿದಳು. "ನಾಳಿ ಹತ್ತಕ್ಕ. ಹೆಣ್ಣುಮಕ್ಕಳಿಗೆ ವಕೀಲರು ಪುಕ್ಕಟ ಸಿಗ್ತಾರ. ಅಲ್ಲೀತನಕ ಅಂಗಡಿ ಮುಚ್ಚೇ ಇರ್ಲಿ, ಆದೇಶ ಮೀರಬ್ಯಾಡ್ರಿ."

ಮರುದಿನ ಕೋರ್ಟಿನ ಉದ್ದನೆಯ ಪಡಸಾಲೆಯಲ್ಲಿ ಜವಾನ ಅವಳ ಹೆಸರು ಕೂಗಿದ. ಒಂದು ಸಲ. ಎರಡು ಸಲ. ಆ ದನಿ ಗೋಡೆಗೆ ಬಡಿದು ಮರಳಿತು. ಹೋದ ಸಲ ಅದಕ್ಕೆ ಓಗೊಡುವವರೇ ಇರಲಿಲ್ಲ.

"ಇಲ್ಲೇ ಅದೀನ್ರಿ," ಎಂದಳು ಮುರುಗೆವ್ವ.

ವಕೀಲರು ಬಾಡಿಗೆ ಕರಾರು, ಪಂಚಾಯತಿ ಪರವಾನಗಿ ತೋರಿಸಿದರು. ತಡೆ ತೆರವಾಯಿತು. ಸಂಜೆ ಸಂಗಪ್ಪ ಹೊಸ ಆದೇಶವನ್ನು ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟ.

"ಪೂಜಿ ಮಾಡೀಯ ಮತ್ತ," ಎಂದಳು ಅವಳು, ಒಲೆ ಹೊತ್ತಿಸುತ್ತ.

ನಿಮ್ಮ ಬಾಗಿಲಿಗೂ ಇಂಥ ಕಾಗದ ಬಂದೀತು. ಹರಿಯಬೇಡಿ, ಎಸೆಯಬೇಡಿ, ಅಂದೇ ಓದಿಸಿ. ಹತ್ತಿರದ ಉಚಿತ ಕಾನೂನು ನೆರವಿನ ಕಚೇರಿಗೆ ಹೋಗಿ. ನೀವಿರಲಿ, ಇಲ್ಲದಿರಲಿ, ಅಲ್ಲಿ ನಿಮ್ಮ ಹೆಸರು ಕೂಗುತ್ತಾರೆ. ಓಗೊಡಲು ನೀವು ಅಲ್ಲಿರಿ.